ತೋಟಕ್ಕಿಳಿಯುವ ಮುನ್ನ ಹೊಟ್ಟೆತುಂಬ ಒಂದು ಊಟ



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಧಾರಣೆಯ ವಿಚಾರ, ಮೈಲುತುತ್ತಿನ ದಾಸ್ತಾನಿನ ವಿಚಾರ, ಸಾಲದ ವಾಯಿದೆಯ ವಿಚಾರ. ಈ ಸಲ ಅಡುಗೆಮನೆಯ ವಿಚಾರ ಬರೆಯಲು ಹೊರಟಿದ್ದೇವೆ. ಕಾರ್ಯದರ್ಶಿಗಳು ಲೆಕ್ಕಪುಸ್ತಕ ಮಡಚಿಟ್ಟು ಸೌಟು ಹಿಡಿದರೇ ಎಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಕೊನೆಯವರೆಗೆ ಓದಿ ಆಮೇಲೆ ನಗಬೇಕೆಂದು ಮಾತ್ರ ಅರಿಕೆ.

ಎರಡು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಮೊದಲ ವಾರ. ಮಳೆ ಇನ್ನೇನು ಹಿಡಿಯುತ್ತದೆ, ಅಷ್ಟರೊಳಗೆ ಕೊಳೆರೋಗಕ್ಕೆ ಮೊದಲ ಮದ್ದು ಬಿಟ್ಟು ಮುಗಿಸಬೇಕು ಎಂಬ ಗಡಿಬಿಡಿ ಎಲ್ಲ ತೋಟಗಳಲ್ಲೂ ಇದ್ದ ಹಾಗೆ ನಮ್ಮ ತೋಟದಲ್ಲೂ ಇತ್ತು. ಮರ ಹತ್ತುವವರು ಸಿಗುವುದೇ ಅಪರೂಪವಾಗಿರುವ ಈ ದಿನಗಳಲ್ಲಿ ವೇಣೂರು ಕಡೆಯಿಂದ ಒಬ್ಬ ನುರಿತ ಕೆಲಸಗಾರ ಬೆಳಿಗ್ಗೆ ಏಳು ಗಂಟೆಗೆ ಬಂದು ಅಂಗಳದಲ್ಲಿ ನಿಂತ. ನಾವು ಅವನಿಗೆ ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು ಕೊಟ್ಟೆವು. ತಿಂಡಿ ಹತ್ತು ಗಂಟೆಗೆ ಪೇಟೆಯಿಂದ ತರಿಸಿದರಾಯಿತು, ಮೋಡ ಕವಿಯುವ ಮೊದಲು ಮೇಲಿನ ತಟ್ಟು ಮುಗಿಯಲಿ ಎಂದು ನಮ್ಮ ಆಲೋಚನೆ. ಅವನೂ ಏನೂ ಹೇಳಲಿಲ್ಲ. ತಳೆ ಕಾಲಿಗೆ ಹಾಕಿ ಹತ್ತಿದ. ಮರದಿಂದ ಮರಕ್ಕೆ ದಾಟುತ್ತ ಎಂಟೊಂಬತ್ತು ಮರ ಮುಗಿಸಿದ. ಆಮೇಲಿನ ಮರದಲ್ಲಿ ಕೈ ನಡುಗಿತು, ಕಣ್ಣು ಕತ್ತಲೆ ಬಂತು. ಮರವನ್ನು ತಬ್ಬಿಕೊಂಡೇ ಜಾರಿದ್ದರಿಂದ ಜೀವ ಉಳಿಯಿತು. ಎದೆ ಮತ್ತು ತೊಡೆಯ ಚರ್ಮ ಸುಲಿದಿತ್ತು, ಮಣಿಕಟ್ಟಿನ ಮೂಳೆ ಮುರಿದಿತ್ತು.

ಹಿಂದಿನ ದಿನ ಸಂಜೆಯ ನಂತರ ಅವನ ಹೊಟ್ಟೆಗೆ ಬಿದ್ದದ್ದು ನಮ್ಮ ಮನೆಯ ಚಹಾ ಮತ್ತು ಬಿಸ್ಕತ್ತು ಮಾತ್ರ ಎಂಬುದು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತಿಳಿಯಿತು. ಅವನ ಚಿಕಿತ್ಸೆಯ ಖರ್ಚನ್ನೂ ಕೆಲಸ ತಪ್ಪಿದ ದಿನಗಳ ಸಂಬಳವನ್ನೂ ನಾವು ಕೊಟ್ಟೆವು. ಅದು ನಮ್ಮ ಕರ್ತವ್ಯ, ಹೇಳಿಕೊಳ್ಳುವ ಮಾತಲ್ಲ. ಆದರೆ ರಾತ್ರಿ ಮನೆಗೆ ಮರಳಿದಾಗ ಎಂಬತ್ತು ದಾಟಿದ ನಮ್ಮ ತಾಯಿ ಜಗಲಿಯಲ್ಲಿ ಕುಳಿತಿದ್ದರು. ಅವರು ಕೇಳಿದ್ದು ಒಂದೇ ಮಾತು: "ಗಂಜಿ ಕೊಡದೆ ಮರ ಹತ್ತಿಸಿದೆಯಾ?"

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಅದಕ್ಕೆ ಹುಡುಕಿದ ಉತ್ತರ ಎಂದು ಸದಸ್ಯರು ತಿಳಿಯಬಹುದು.

ಹಿಂದಿನ ಬೆಳಗು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಗಂಜಿಯ ಬಗ್ಗೆ ವಿವರಿಸುವ ಅಗತ್ಯವಿಲ್ಲ. ಆದರೂ ನಮ್ಮ ಸಂಘದಲ್ಲಿ ಈಗ ಎಳೆಯ ಸದಸ್ಯರು ಬಹಳ ಮಂದಿ ಇರುವುದರಿಂದ ಎರಡು ಮಾತು. ಮುಂಜಾವದಲ್ಲೇ ದೊಡ್ಡ ಒಲೆಗೆ ಕುಚ್ಚಲಕ್ಕಿಯ ಹಂಡೆ ಏರುತ್ತಿತ್ತು. ತೋಟದ ಒಣ ಸೋಗೆ, ತೆಂಗಿನ ಕೊತ್ತಳಿಗೆಯ ಬೆಂಕಿ. ಅಕ್ಕಿ ನಿಧಾನವಾಗಿ ಅರಳಿ, ತೆಳಿ ದಪ್ಪಗಾಗಿ, ಅಂಗಳದವರೆಗೆ ಪರಿಮಳ ಬರುತ್ತಿತ್ತು. ಕೆಲಸದವರು ಸಾಲಾಗಿ ಕುಳಿತು, ಬಟ್ಟಲಿನ ತುಂಬ ಗಂಜಿ, ಪಕ್ಕದಲ್ಲಿ ಹುರಿದ ಹುರುಳಿಯ ಚಟ್ನಿ ಅಥವಾ ಮಾವಿನ ಮಿಡಿ, ಕೆಲವು ಮನೆಗಳಲ್ಲಿ ಸುಟ್ಟ ಒಣಮೀನಿನ ಚಟ್ನಿ, ಆಟಿ ತಿಂಗಳಾದರೆ ಉಪ್ಪುಸೊಳೆಯ ಪಲ್ಯ, ಇಷ್ಟನ್ನು ಉಂಡು, ಒಂದು ಗಳಿಗೆ ಕುಳಿತು ಎಲೆ ಮಡಿಸಿ ಬಾಯಿಗೆ ಹಾಕಿ ಎದ್ದರೆ ಮಧ್ಯಾಹ್ನದವರೆಗೆ ಹಸಿವೆಂಬ ಸೊಲ್ಲಿಲ್ಲ. ಮನೆಯ ಯಜಮಾನನೂ ಅದೇ ಹಂಡೆಯ ಗಂಜಿ ಉಣ್ಣುತ್ತಿದ್ದ. ಉಣ್ಣುವ ಜಾಗದಲ್ಲಿ ಭೇದವಿತ್ತು, ಅದು ಒಳ್ಳೆಯದಾಗಿರಲಿಲ್ಲ. ಹಂಡೆಯಲ್ಲಿ ಮಾತ್ರ ಭೇದವಿರಲಿಲ್ಲ.

ಕುಚ್ಚಲಕ್ಕಿಯ ಗುಣವನ್ನು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು, ವಿಜ್ಞಾನ ಆಮೇಲೆ ಹೇಳಿತು. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ಕಾಲು ಸೋಲುವ ರೋಗ ಬರುತ್ತದೆ, ತೌಡಿರುವ ಅಕ್ಕಿ ಕೊಟ್ಟರೆ ಗುಣವಾಗುತ್ತದೆ ಎಂಬುದನ್ನು 1890ರ ದಶಕದಲ್ಲಿ ಕಂಡರು. ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವದ ಒಂದು ಪಾಲು ಅಕ್ಕಿಯ ಒಳಗೆ ಇಳಿದು ನಿಲ್ಲುತ್ತದೆ. ಗಿರಣಿಯಲ್ಲಿ ತೌಡು ಹೋದರೂ ಆ ಪಾಲು ಉಳಿಯುತ್ತದೆ. ಹೀಗೆ ನಮ್ಮ ಅಜ್ಜಿಯಂದಿರು ಕೊಪ್ಪರಿಗೆಯಲ್ಲಿ ಮಾಡುತ್ತಿದ್ದ ಕೆಲಸ ಸಣ್ಣದಾಗಿರಲಿಲ್ಲ.

ಅದು ಏಕೆ ನಿಂತಿತು ಎಂದು ಕೇಳಿದರೆ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ಏಣೇಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ಕೊಡುತ್ತಿದ್ದ ಬೈಲುಗದ್ದೆಗಳು ನಮ್ಮ ಕಣ್ಣೆದುರೇ ಅಡಿಕೆ ತೋಟಗಳಾದವು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ಒಡೆಯರಾದರು. ಗೇಣಿಯ ಅಕ್ಕಿ ಅಳೆಯುವ ಹಂಗು ತಪ್ಪಿದ ಮೇಲೆ ಅನೇಕರು ಗದ್ದೆಗೆ ಮಣ್ಣು ಹಾಕಿ ಸಸಿ ನೆಟ್ಟರು. ಅದರಿಂದ ಮನೆಗಳು ಎದ್ದವು, ಮಕ್ಕಳು ಓದಿದರು. ಇದನ್ನು ಅಲ್ಲಗಳೆಯುವಷ್ಟು ಕೃತಘ್ನರು ನಾವಲ್ಲ. ಆದರೆ ಕಯಮೆ, ಅತಿಕರಾಯ, ಕಜೆಜಯ ಎಂಬ ಹೆಸರುಗಳು ಬಹುಪಾಲು ಮನೆಗಳ ಪತ್ತಾಯದಿಂದ ಹೋದವು. ಈಗ ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಇಬ್ಬರೇ ಇದ್ದಾರೆ. ಇಬ್ಬರಿಗಾಗಿ ಹಂಡೆ ಏರಿಸುವವರು ಯಾರು? ಬನ್ಸು, ಗೋಳಿಬಜೆ, ಚಹಾ ಪೇಟೆಯಿಂದ ಬರುತ್ತವೆ, ಕೆಲಸ ಸುಲಭವಾಯಿತು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಹೊಟ್ಟೆ ಖಾಲಿ ಇರುವುದು ಯಾರ ಲೆಕ್ಕದಲ್ಲೂ ಬರಲಿಲ್ಲ.

ಕಡಲಾಚೆಯ ತೋಟದವರು

ಈ ನಡುವೆ ಕಳೆದ ವರ್ಷ ಆಟಿಯಲ್ಲಿ ನಮ್ಮ ಅಕ್ಕನ ಮಗ ಊರಿಗೆ ಬಂದ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಅವನು ಹವಾಯಿ ದ್ವೀಪಗಳಿಗೆ ಹೋಗಿದ್ದನಂತೆ. ನಾವು ಕಾಫಿಯವರೆಂದು ಅಲ್ಲಿಯ ಕೋನಾ ಎಂಬ ಸೀಮೆಯ ಕಾಫಿ ತಂದಿದ್ದ. ಕಾಫಿಗಿಂತ ಅವನು ತಂದ ಸುದ್ದಿಯೇ ನಮಗೆ ಹೆಚ್ಚು ರುಚಿಸಿತು.

"ಮಾವ, ಅಲ್ಲಿ ಬೆಳಿಗ್ಗೆ ಎದ್ದರೆ ಅನ್ನ ಉಣ್ಣುತ್ತಾರೆ" ಎಂದ. ಅಮೆರಿಕದಲ್ಲಿ ಬೆಳಗಿನ ಹೊತ್ತು ಅನ್ನವೇ ಎಂದು ನಾವು ನಂಬಲಿಲ್ಲ. ಆಗ ಅವನು ವಿವರಿಸಿದ. ತಟ್ಟೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಕೊಚ್ಚಿದ ಮಾಂಸವನ್ನು ತಟ್ಟಿ ಕಾಯಿಸಿದ ದಪ್ಪ ಬಿಲ್ಲೆ, ಅದರ ಮೇಲೆ ಹಳದಿ ಗಟ್ಟಿಯಾಗದಂತೆ ಕಾಯಿಸಿದ ಒಂದು ಮೊಟ್ಟೆ, ಎಲ್ಲದರ ಮೇಲೆ ಕಂದು ಬಣ್ಣದ ಮಂದ ಸಾರು. ಇದಕ್ಕೆ ಲೋಕೋ ಮೋಕೋ ಎಂದು ಹೆಸರು. 1949ರ ಸುಮಾರಿಗೆ ಹಿಲೋ ಎಂಬ ಪಟ್ಟಣದ ಲಿಂಕನ್ ಗ್ರಿಲ್ ಎಂಬ ಸಣ್ಣ ಹೋಟೆಲಿನಲ್ಲಿ, ಕೈಯಲ್ಲಿ ಹೆಚ್ಚು ಕಾಸಿಲ್ಲದ ಆಟದ ಹುಡುಗರು ಅಗ್ಗದಲ್ಲಿ ಹೊಟ್ಟೆ ತುಂಬುವಂಥದು ಏನಾದರೂ ಮಾಡಿಕೊಡಿ ಎಂದು ಕೇಳಿದಾಗ ಹುಟ್ಟಿದ್ದು ಎಂದು ಅಲ್ಲಿಯವರು ಹೇಳುತ್ತಾರೆ.

ಬೆಳಿಗ್ಗೆ ಅನ್ನ ಉಣ್ಣುವ ರೂಢಿ ಆ ದ್ವೀಪಗಳಿಗೆ ಬಂದುದು ತೋಟದ ಕೂಲಿಯವರಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಬ್ಬಿನ ತೋಟಗಳೆದ್ದವು. ದುಡಿಯಲು 1852ರಿಂದ ಚೀಣದವರು, 1878ರಿಂದ ಪೋರ್ತುಗೀಜರು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನಿನವರು, 1906ರಿಂದ ಫಿಲಿಪೀನ್ಸಿನವರು ಕರಾರಿನ ಮೇಲೆ ಬಂದರು. ಎರಡು ಅಂತಸ್ತಿನ ತಗಡಿನ ಬುತ್ತಿ ಪಾತ್ರೆಯಲ್ಲಿ ಕೆಳಗೆ ಅನ್ನ, ಮೇಲೆ ಪಲ್ಯವೋ ಮೀನೋ ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಊಟದ ಹೊತ್ತಿಗೆ ಒಬ್ಬರ ಪಾತ್ರೆಗೆ ಇನ್ನೊಬ್ಬರು ಕೈ ಹಾಕಿ, ಭಾಷೆ ಬೇರೆಯಾದರೂ ಅನ್ನ ಒಂದೇ ಆಯಿತು. ಕಬ್ಬಿನ ತೋಟಗಳು ಒಂದೊಂದಾಗಿ ಮುಚ್ಚಿ, ಕೊನೆಯದು 2016ರಲ್ಲಿ ನಿಂತಿತು. ತೋಟ ಹೋಯಿತು, ತೋಟದವರ ಊಟ ಉಳಿಯಿತು. ನಮ್ಮಲ್ಲಿ ತೋಟ ಉಳಿದಿದೆ, ಊಟ ಹೋಯಿತು.

ಕೋನಾದ ಕಾಫಿಯವರ ಕಥೆಯಂತೂ ನಮ್ಮ ಸದಸ್ಯರಿಗೆ ಹತ್ತಿರದ್ದು. ಅಲ್ಲಿಗೆ ಕಾಫಿ ಗಿಡ ಹೋದದ್ದು 1828ರಲ್ಲಿ. ಮೊದಲು ದೊಡ್ಡ ಎಸ್ಟೇಟುಗಳಿದ್ದವು. 1899ರಲ್ಲಿ ಪ್ರಪಂಚದ ಧಾರಣೆ ಕುಸಿದಾಗ ಎಸ್ಟೇಟಿನವರು ಭೂಮಿಯನ್ನು ತುಂಡು ಮಾಡಿ, 5ರಿಂದ 12 ಎಕರೆಯಂತೆ ಕೂಲಿಯವರಿಗೇ ಗೇಣಿಗೆ ಕೊಟ್ಟರು. ಹೆಚ್ಚಿನವರು ಜಪಾನಿನ ಸಂಸಾರಗಳು. ಮನೆಮಂದಿಯೆಲ್ಲ ಸೇರಿ ಹಣ್ಣು ಕೊಯ್ಯಬೇಕಾಗಿದ್ದುದರಿಂದ, ಕೊಯಿಲಿನ ತಿಂಗಳುಗಳಲ್ಲೇ ಶಾಲೆಗೆ ರಜೆ ಬರುವಂತೆ 1930ರ ದಶಕದಿಂದ 1969ರವರೆಗೆ ಏರ್ಪಾಡು ಇತ್ತು. ನಮ್ಮಂತೆಯೇ ಸಣ್ಣ ಹಿಡುವಳಿ, ನಮ್ಮಂತೆಯೇ ಇಳಿಜಾರು ಭೂಮಿ, ಕೈಯಿಂದಲೇ ಕೊಯಿಲು. ಕಾಯಿಕೊರಕ 2010ರಲ್ಲೂ ಎಲೆ ತುಕ್ಕು ರೋಗ 2020ರಲ್ಲೂ ಹವಾಯಿಯ ಕಾಫಿಯಲ್ಲಿ ಕಾಣಿಸಿಕೊಂಡವು. ನಮ್ಮ ಶತ್ರುಗಳೂ ಅಲ್ಲಿಗೆ ಹೋಗಿ ನೆಲೆಸಿವೆ ಎಂದರೆ ನೆಂಟಸ್ತಿಕೆಗೆ ಇನ್ನೇನು ಬೇಕು!

ಇನ್ನೊಂದು ನೆಂಟಸ್ತಿಕೆಯೂ ಇದೆ. ಹವಾಯಿಯ ಮೂಲನಿವಾಸಿಗಳ ಮುಖ್ಯ ಆಹಾರ ನಮ್ಮ ಕೆಸುವಿನ ಗೆಡ್ಡೆ. ಅದನ್ನು ಬೇಯಿಸಿ ಜಜ್ಜಿ ಹಿಟ್ಟು ಮಾಡಿ ಉಣ್ಣುತ್ತಾರೆ, ಎಲೆಯಲ್ಲಿ ಮೀನು ಮಾಂಸ ಸುತ್ತಿ ಬೇಯಿಸುತ್ತಾರೆ. ಕೆಸು ಮನುಷ್ಯನ ಅಣ್ಣ, ಅವನು ಮೊದಲು ಹುಟ್ಟಿದವನು ಎಂಬುದು ಅವರ ಪುರಾಣ. ನಮ್ಮ ಜೀಗುಜ್ಜೆಯೂ ಅಲ್ಲಿದೆ. ಸಾಗರ ದಾಟಿ ದೋಣಿಯಲ್ಲಿ ಬಂದ ಅವರ ಪೂರ್ವಜರು ಕೆಸು, ಜೀಗುಜ್ಜೆ, ತೆಂಗು, ಬಾಳೆ, ಕಬ್ಬು, ಅರಿಸಿನಗಳನ್ನು ಜೊತೆಗೇ ತಂದರು. ಆಟಿಯಲ್ಲಿ ಪತ್ರೊಡೆ ತಿನ್ನುವ ನಾವು ಆ ಅಣ್ಣನನ್ನು ಮರೆತವರಲ್ಲ. ಆದರೆ ಹಟ್ಟಿಯ ಹಿಂದೆ ತಾನಾಗಿ ಬೆಳೆದವನೆಂದು ಅವನಿಗೆ ಕೊಡಬೇಕಾದ ಮರ್ಯಾದೆಯನ್ನು ಕೊಟ್ಟವರೂ ಅಲ್ಲ.

ನಮ್ಮ ಒಲೆಯ ಮೇಲೆ

ಮಾಡಿಯೇ ನೋಡೋಣ ಎಂದು ಹುಡುಗ ಹಟ ಹಿಡಿದ. ಅಲ್ಲಿ ಬಳಸುವುದು ದನದ ಮಾಂಸ. ಅದು ನಮ್ಮ ಸದಸ್ಯರ ಹೆಚ್ಚಿನ ಮನೆಗಳಲ್ಲಿ ಸಲ್ಲುವುದಲ್ಲ. ಮಾಂಸದ ಬದಲು ಅಲಸಂಡೆ ಬೀಜ ಮತ್ತು ಜೀಗುಜ್ಜೆ, ಮಾಂಸದ ಸಾರಿನ ಬದಲು ಹುರುಳಿಯ ಕಟ್ಟು, ಬಿಳಿ ಅನ್ನದ ಬದಲು ಕುಚ್ಚಲಕ್ಕಿ ಎಂದು ಅತ್ತೆ ಅಳಿಯ ಸೇರಿ ತೀರ್ಮಾನಿಸಿದರು. ಹುರುಳಿ ಕಟ್ಟಿನ ಬಣ್ಣ ತಾನಾಗಿಯೇ ಕಂದು. ಅದರ ರುಚಿಯ ಗಾಢತೆ ಮಾಂಸದ ಸಾರಿಗೆ ಬಿಟ್ಟುಕೊಡುವಂಥದಲ್ಲ ಎಂದು ಎರಡನ್ನೂ ಉಂಡ ಹುಡುಗನೇ ಒಪ್ಪಿದ.

ಮೊದಲ ದಿನ ಕೆಟ್ಟುಹೋಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಜೀಗುಜ್ಜೆಯನ್ನು ನೀರಿನಲ್ಲಿ ಬೇಯಿಸಿದ್ದರಿಂದ ಅದು ನೀರು ಕುಡಿದು, ತಟ್ಟಿದ ಬಿಲ್ಲೆಗಳು ಕಾವಲಿಯ ಮೇಲೆ ಹುಡಿಯಾದವು. ಕುದಿಯುವ ಕಟ್ಟಿಗೆ ಅಕ್ಕಿಹಿಟ್ಟನ್ನು ನೇರವಾಗಿ ಸುರಿದದ್ದರಿಂದ ಸಾರಿನ ತುಂಬ ಗಂಟು. ಆ ದಿನ ಎಲ್ಲವನ್ನೂ ಒಟ್ಟಿಗೆ ಕಲಸಿ ಉಂಡೆವು. ಎರಡನೆಯ ಸಲ ಜೀಗುಜ್ಜೆಯನ್ನು ಹಬೆಯಲ್ಲಿ ಬೇಯಿಸಿ, ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿದಾಗ ಸರಿಹೋಯಿತು. ಈಗ ಮದ್ದು ಬಿಡುವ ದಿನ, ಅಡಿಕೆ ಕೊಯ್ಯುವ ದಿನ ಮನೆಯಲ್ಲಿ ಇದೇ ನಡೆಯುತ್ತದೆ. ಹತ್ತು ಮಂದಿಗೆ ಆಗುವ ಅಳತೆಯನ್ನು ಕೆಳಗೆ ಕೊಟ್ಟಿದ್ದೇವೆ.

ಹಿಂದಿನ ರಾತ್ರಿ: ಅರ್ಧ ಕಿಲೋ ಅಲಸಂಡೆ ಬೀಜ, ಅರ್ಧ ಕಿಲೋ ಹುರುಳಿ ಬೇರೆ ಬೇರೆಯಾಗಿ ನೆನೆಹಾಕಬೇಕು. ಹುರುಳಿಯನ್ನು ಕಲ್ಲು ಆರಿಸಿ ತೊಳೆಯುವುದು ಮುಖ್ಯ.

ಅನ್ನ: ಒಂದೂವರೆ ಕಿಲೋ ಕುಚ್ಚಲಕ್ಕಿ. ಬೆಳಿಗ್ಗೆ ಐದಕ್ಕೆ ಹೇರಳ ನೀರಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಈಗ ಎಲ್ಲ ಅಂಗಡಿಗಳಲ್ಲಿ ಸಿಗುವ ಬಿಸಿ ಹಿಡಿದಿಡುವ ತರ್ಮಲ್ ಕುಕ್ಕರಿನೊಳಗೆ ಇಟ್ಟು ಮುಚ್ಚಿದರೆ ಆರೂವರೆಗೆ ಬೆಂದಿರುತ್ತದೆ. ಒಲೆಯ ಹತ್ತಿರ ಯಾರೂ ಕಾಯಬೇಕಾಗಿಲ್ಲ. ಬಸಿದ ತೆಳಿಯನ್ನು ಚೆಲ್ಲಬಾರದು. ಉಪ್ಪು ಹಾಕಿ ಕುಡಿಯಲು ಕೊಡಬೇಕು.

ಸಾರು: ನೆನೆದ ಹುರುಳಿಯನ್ನು ಪ್ರೆಶರ್ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಕಟ್ಟು ಬಸಿಯಿರಿ. ನೀರು ಸೇರಿಸಿ ಎರಡೂವರೆ ಲೀಟರಿನಷ್ಟು ಮಾಡಿಕೊಳ್ಳಿ. ಬೆಂದ ಹುರುಳಿಯಲ್ಲಿ ಎರಡು ಮುಷ್ಟಿಯನ್ನು ಅರೆದು ಕಟ್ಟಿಗೇ ಸೇರಿಸಿ. ಉಳಿದದ್ದು ಮಧ್ಯಾಹ್ನದ ಪಲ್ಯಕ್ಕಾಯಿತು. ದೊಡ್ಡ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ ನಾಲ್ಕು ನೀರುಳ್ಳಿ, ಒಂದು ಬೆಳ್ಳುಳ್ಳಿ ಗಡ್ಡೆಯನ್ನು ಸಣ್ಣಗೆ ಹೆಚ್ಚಿ ಹಾಕಿ. ನೀರುಳ್ಳಿ ಕಂದು ಬಣ್ಣಕ್ಕೆ ಬರುವ ತನಕ ತಾಳ್ಮೆ ಬೇಕು, ಸಾರಿನ ಜೀವ ಅಲ್ಲಿದೆ. ಹುರಿದು ಹುಡಿ ಮಾಡಿದ ಎಂಟು ಒಣಮೆಣಸು, ಎರಡು ಚಮಚ ಕೊತ್ತಂಬರಿ, ನಮ್ಮದೇ ತೋಟದ ಒಂದು ಚಮಚ ಕರಿಮೆಣಸು ಸೇರಿಸಿ, ಕಟ್ಟು ಹೊಯ್ದು, ನಾಲ್ಕು ಪುನರ್ಪುಳಿ ಸಿಪ್ಪೆ ಮತ್ತು ಉಪ್ಪು ಹಾಕಿ ಕುದಿಸಿ. ನಾಲ್ಕು ಚಮಚ ಹುರಿದ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸುರಿಯುತ್ತ ಕೈಯಾಡಿಸಿ. ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾದರೆ ಸಾಕು.

ಬಿಲ್ಲೆ: ಒಂದು ಮಧ್ಯಮ ಗಾತ್ರದ ಜೀಗುಜ್ಜೆಯ ಸಿಪ್ಪೆ, ಗೂಂಜು ತೆಗೆದು ಹೋಳು ಮಾಡಿ ಹಬೆಯಲ್ಲಿ ಬೇಯಿಸಿ ಜಜ್ಜಿ. ನೆನೆದ ಅಲಸಂಡೆಯನ್ನು ನೀರು ಬಸಿದು, ಅಂಬೊಡೆಗೆ ಅರೆಯುವಂತೆ ತರಿತರಿಯಾಗಿ ಅರೆಯಿರಿ. ಎರಡನ್ನೂ ಕಲಸಿ, ಹೆಚ್ಚಿದ ನೀರುಳ್ಳಿ, ಹಸಿಮೆಣಸು, ಶುಂಠಿ, ಬೇವಿನ ಸೊಪ್ಪು, ಉಪ್ಪು, ಎರಡು ಮುಷ್ಟಿ ಅಕ್ಕಿಹಿಟ್ಟು ಸೇರಿಸಿ. ಅಂಗೈಯಗಲದ ಇಪ್ಪತ್ತು ಬಿಲ್ಲೆ ತಟ್ಟಬಹುದು. ಕಾವಲಿಗೆ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲನ್ನೂ ನಾಲ್ಕೈದು ನಿಮಿಷ ಕಾಯಿಸಬೇಕು. ಉರಿ ಹೆಚ್ಚಾದರೆ ಹೊರಗೆ ಕರಟಿ ಒಳಗೆ ಅಲಸಂಡೆ ಹಸಿಯಾಗಿಯೇ ಉಳಿಯುತ್ತದೆ.

ಮೊಟ್ಟೆ: ತಲೆಗೊಂದು. ಕೊನೆಗೆ ಕಾಯಿಸಬೇಕು. ಹಳದಿ ಅರೆಬೆಂದಿದ್ದರೆ ಸಾರಿನೊಡನೆ ಬೆರೆತು ಅನ್ನಕ್ಕೆ ತುಪ್ಪದ ಹಾಗೆ ಹಿಡಿಯುತ್ತದೆ. ಮೊಟ್ಟೆ ಹಳೆಯದಾಗಿದ್ದರೆ ಪೂರ್ತಿ ಬೇಯಿಸುವುದೇ ಲೇಸು.

ಬಡಿಸುವ ಕ್ರಮ: ಅಗಲವಾದ ಹಾಳೆತಟ್ಟೆ ಇದಕ್ಕೆ ಹೇಳಿಮಾಡಿಸಿದಂತಿದೆ. ಕೆಳಗೆ ಬಿಸಿ ಅನ್ನ, ಮೇಲೆ ಎರಡು ಬಿಲ್ಲೆ, ಅದರ ಮೇಲೆ ಮೊಟ್ಟೆ, ಎಲ್ಲದರ ಮೇಲೆ ಎರಡು ಸೌಟು ಸಾರು. ಪಕ್ಕದಲ್ಲಿ ಒಂದು ಮಿಡಿ.

ಮೊಟ್ಟೆ ತಿನ್ನದ ಮನೆಗಳವರು ಆ ಜಾಗದಲ್ಲಿ ಕಡೆದ ದಪ್ಪ ಮೊಸರಿಗೆ ಸಾಸಿವೆ ಒಗ್ಗರಣೆ ಕೊಟ್ಟು ಒಂದು ಸೌಟು ಹಾಕಬಹುದು. ಅದನ್ನೂ ನಾವು ಮಾಡಿ ನೋಡಿದ್ದೇವೆ. ಮೂಡಬಿದಿರೆ ಕಡೆಯ ಜೈನ ಸದಸ್ಯರ ಮನೆಗಳಲ್ಲಿ ನೀರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬಳಸುವುದಿಲ್ಲವಾದರೆ ಇಂಗಿನ ಒಗ್ಗರಣೆ ಸಾಕು, ಹಸಿ ಶುಂಠಿಯನ್ನು ಬಿಡಬಹುದು. ಜೀಗುಜ್ಜೆ ಗೆಡ್ಡೆಯಲ್ಲ, ಮರದ ಕಾಯಿ. ಅದರ ಕಾಲವಲ್ಲದಾಗ ಬೇಯಿಸಿದ ಹಲಸಿನ ಬೀಜ ಅಥವಾ ಬಾಳೆಕಾಯಿ ಆಗುತ್ತದೆ. ಕೋಳಿ ಮಾಂಸ ತಿನ್ನುವವರಿಗೆ ಅದನ್ನು ಕೊಚ್ಚಿ ಬಿಲ್ಲೆ ಮಾಡುವುದು ಹೇಗೆಂದು ನಾವು ಹೇಳಿಕೊಡಬೇಕಾಗಿಲ್ಲ.

ಲೆಕ್ಕದ ಮಾತು

ಕಾರ್ಯದರ್ಶಿಯಾದವರು ಲೆಕ್ಕ ಹೇಳದೆ ಬಿಟ್ಟರೆ ಮಹಾಸಭೆಯಲ್ಲಿ ಕೇಳುವವರಿದ್ದಾರೆ. ಕಠಿಣ ದೈಹಿಕ ದುಡಿಮೆ ಮಾಡುವ ಗಂಡಾಳಿಗೆ ದಿನಕ್ಕೆ ಸುಮಾರು 3470 ಕಿಲೋ ಕ್ಯಾಲೊರಿ ಶಕ್ತಿಯ ಆಹಾರ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ಕುಳಿತು ಕೆಲಸ ಮಾಡುವ ನಮ್ಮಂಥವರಿಗೆ 2110 ಸಾಕು. ಚಹಾ ಮತ್ತು ನಾಲ್ಕು ಬಿಸ್ಕತ್ತು ಸೇರಿದರೆ 200ರ ಆಸುಪಾಸು. ಮೇಲಿನ ಊಟದಲ್ಲಿ ತಲಾ 150 ಗ್ರಾಮ್ ಅಕ್ಕಿ, 50 ಗ್ರಾಮ್ ಅಲಸಂಡೆ, ಕಟ್ಟು, ಮೊಟ್ಟೆ, ಎಣ್ಣೆ ಸೇರಿ ಸುಮಾರು 1000 ಆಗುತ್ತದೆ. ದಿನದ ಅಗತ್ಯದ ಮೂರರಲ್ಲೊಂದು ಪಾಲಿನ ಹತ್ತಿರ. ಹುರುಳಿ, ಅಲಸಂಡೆ ಎರಡರಲ್ಲೂ ನೂರು ಗ್ರಾಮಿಗೆ 20 ಗ್ರಾಮಿಗೂ ಮೀರಿ ಸಸಾರಜನಕವಿದೆ.

ಖರ್ಚಿನ ವಿಚಾರಕ್ಕೆ ಬಂದರೆ, ಜೀಗುಜ್ಜೆ, ಪುನರ್ಪುಳಿ, ಕರಿಮೆಣಸು, ಬೇವಿನ ಸೊಪ್ಪು ಹಿತ್ತಿಲಿನವು. ಅಕ್ಕಿ, ಕಾಳು, ಮೊಟ್ಟೆ, ಎಣ್ಣೆಗೆ ನಾವು ಅಂಗಡಿಯಲ್ಲಿ ಕೊಟ್ಟ ಹಣ ಹತ್ತು ಮಂದಿಗೆ ಸೇರಿ ಒಂದು ಕಿಲೋ ಚಾಲಿ ಅಡಿಕೆಯ ಬೆಲೆ ದಾಟಲಿಲ್ಲ. ಪೇಟೆಯಿಂದ ತಿಂಡಿ ತರಿಸುವ ಖರ್ಚು, ತರಲು ಹೋದವನ ಒಂದು ಗಂಟೆ, ಕಾದವರ ಒಂದು ಗಂಟೆ ಇವನ್ನು ಪಕ್ಕದಲ್ಲಿ ಬರೆದು ಸದಸ್ಯರೇ ಕೂಡಿಸಿ ನೋಡಬಹುದು. ಆ ಜೂನ್ ತಿಂಗಳ ಆಸ್ಪತ್ರೆಯ ಬಿಲ್ಲನ್ನು ನಾವು ಈ ಲೆಕ್ಕಕ್ಕೆ ಸೇರಿಸಿಲ್ಲ.

ಆದರೆ ಲೆಕ್ಕದಲ್ಲಿ ನಾವು ಒಂದು ಬಾಬ್ತು ಬಿಟ್ಟಿದ್ದೆವು. ಅದನ್ನು ತೋರಿಸಿಕೊಟ್ಟವರು ಮನೆಯವರು. ಮೂರನೆಯ ಸಲ ಈ ಅಡುಗೆ ಮಾಡುವ ಹಿಂದಿನ ರಾತ್ರಿ ಅವರು ನಗುತ್ತಲೇ ಕೇಳಿದರು: "ಅಕ್ಕಿ ಎಷ್ಟು, ಕಾಳು ಎಷ್ಟು ಎಂದೆಲ್ಲ ಬರೆದಿದ್ದೀರಿ. ನಾಲ್ಕೂವರೆಗೆ ಏಳುವವರು ಯಾರೆಂದು ಬರೆದಿದ್ದೀರಾ?"

ಹಿಂದಿನ ಗಂಜಿಯ ಹಂಡೆಯನ್ನು ಹೊಗಳುವಾಗ ಆ ಹಂಡೆಯ ಹಿಂದೆ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದವರನ್ನು ನಾವು ಮರೆಯುತ್ತೇವೆ. ಗಂಜಿ ನಿಂತದ್ದರಲ್ಲಿ ಅವರಿಗೆ ದೊರೆತ ಬಿಡುಗಡೆಯೂ ಸೇರಿದೆ. ಅದನ್ನು ಮತ್ತೆ ಅವರ ತಲೆಗೆ ಹೊರಿಸಿ ನಾವು ಪುಣ್ಯ ಕಟ್ಟಿಕೊಳ್ಳುವುದು ನ್ಯಾಯವಲ್ಲ. ಆದುದರಿಂದ ಈಗ ನಮ್ಮ ಮನೆಯಲ್ಲಿ ಅಕ್ಕಿ ಕುದಿಸಿ ಕುಕ್ಕರಿಗೆ ಇಳಿಸುವುದು ಮತ್ತು ಕಾವಲಿಯ ಮುಂದೆ ನಿಲ್ಲುವುದು ನಮ್ಮ ಪಾಲಿನ ಕೆಲಸ. ಮೊದಲ ದಿನ ಬಿಲ್ಲೆಗಳು ಅಷ್ಟಾವಕ್ರವಾದವು. ಈಗ ಪರವಾಗಿಲ್ಲ. ಐವತ್ತು ದಾಟಿದ ಮೇಲೆಯೂ ಗಂಡಸಿಗೆ ಮೊಟ್ಟೆ ಕಾಯಿಸಲು ಬರುತ್ತದೆ ಎಂಬುದನ್ನು ಅನುಭವದಿಂದ ದೃಢೀಕರಿಸುತ್ತೇವೆ.

ಸದಸ್ಯರಲ್ಲಿ ಅರಿಕೆ

ಈ ತಿಂಡಿಯನ್ನೇ ಎಲ್ಲರೂ ಮಾಡಬೇಕೆಂಬ ಆಗ್ರಹ ನಮ್ಮದಲ್ಲ. ಪುಂಡಿಗೆ ಕಡಲೆ ಗಸಿ ಆಗಬಹುದು, ನೀರುದೋಸೆಗೆ ಅಲಸಂಡೆ ಸಾರು ಆಗಬಹುದು, ಅಥವಾ ಆ ಹಳೆಯ ಗಂಜಿ ಮತ್ತು ಹುರುಳಿ ಚಟ್ನಿಯೇ ಆಗಬಹುದು. ಯಾವುದಾದರೂ ಒಂದು ಹೊಟ್ಟೆತುಂಬ ಇರಲಿ. ಮಾಡುವ ಕೈಗಳು ಇಲ್ಲದ ಮನೆಗಳಲ್ಲಿ, ಕೊಯಿಲಿನ ದಿನಗಳಲ್ಲಿ ಅಕ್ಕಪಕ್ಕದ ಮೂರು ನಾಲ್ಕು ತೋಟದವರು ಸೇರಿ ಸರದಿಯ ಮೇಲೆ ಒಂದೇ ಅಡುಗೆ ಮಾಡಿಸಿದರೆ ಯಾರಿಗೂ ಭಾರವಾಗದು. ಬೀಡಿಯ ಕೆಲಸ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ಸರಿಯಾದ ಹಣ ಕೊಟ್ಟರೆ ಅವರಿಗೂ ಅದೊಂದು ಸಂಪಾದನೆ.

ಅನುಭವದಿಂದ ಕಲಿತ ಕೆಲವು ಮಾತುಗಳು ಹೀಗಿವೆ. ಉಂಡ ಕೂಡಲೇ ಮರ ಹತ್ತಿಸಬಾರದು, ಅರ್ಧ ಗಂಟೆಯಾದರೂ ನೆಲದ ಕೆಲಸ ಕೊಡಬೇಕು. ಮದ್ದು ಬಿಡುವ ದಿನ ಮಧ್ಯೆ ಏನು ತಿನ್ನುವುದಿದ್ದರೂ ಸಾಬೂನಿನಲ್ಲಿ ಕೈ ತೊಳೆದೇ ತಿನ್ನಬೇಕು, ಮೈಲುತುತ್ತು ಹೊಟ್ಟೆಗೆ ಹೋಗುವ ವಸ್ತುವಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹಸಿದು ದುಡಿದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಕಣ್ಣು ಕತ್ತಲೆ ಬರುವುದುಂಟು. ಅಂಥವರು ಇದ್ದಾರೆಯೇ ಎಂದು ಮೊದಲೇ ಕೇಳಬೇಕು, ಎಷ್ಟು ಅನ್ನ ಎಂಬುದನ್ನು ಅವರ ಇಷ್ಟಕ್ಕೆ ಬಿಡಬೇಕು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ಕಡಿಮೆಯಾಗಿದೆ, ಸಂತೋಷ. ಆದರೆ ದಿನವಿಡೀ ಕತ್ತೆತ್ತಿ ದೋಟಿ ಹಿಡಿಯುವವನಿಗೂ ಹಸಿವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಳಕ್ಕೆ ಬಂದವನನ್ನು ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಮರ ಆದೀತು ಎಂಬುದಲ್ಲ, ಉಂಡಿದ್ದೀಯಾ ಎಂಬುದು.

ಆ ವೇಣೂರಿನ ಕೆಲಸಗಾರ ಒಂದು ವರ್ಷ ಮರ ಹತ್ತಲಿಲ್ಲ. ಕಳೆದ ಕೊಯಿಲಿಗೆ ಮತ್ತೆ ಬಂದ, ದೋಟಿ ಹಿಡಿಯುವ ಕೆಲಸಕ್ಕೆ. ಮುರಿದ ಮಣಿಕಟ್ಟು ಸರಿಯಾಗಿ ಕೂಡಿದೆ, ಮಳೆಗಾಲದಲ್ಲಿ ಮಾತ್ರ ನೋಯುತ್ತದಂತೆ. ಜಗಲಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತು ಹಾಳೆತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಇದು ಹವಾಯಿ ಎಂಬ ದೇಶದ ತೋಟದವರ ಊಟ ಎಂದು ಹುಡುಗ ವಿವರಿಸುತ್ತಿದ್ದರೆ ಅವನು ಒಂದು ತುತ್ತು ಬಾಯಿಗಿಟ್ಟು, "ಇದು ನಮ್ಮ ಹುರುಳಿ ಸಾರನ್ನವೇ ಅಲ್ಲವಾ ದಣಿಗಳೇ?" ಎಂದ. ನಮ್ಮ ತಾಯಿ ಒಳಗಿನಿಂದ, "ಅವನಿಗೆ ಇನ್ನೊಂದು ಸೌಟು ಹಾಕು" ಎಂದರು.

ನಾವು ಎದ್ದು ಹಾಕಿದೆವು.